ಮನಿಷಾ ಕದ್ದ ಅಜ್ಜಿ

ಅಜ್ಜೀ,

ನಿನ್ನೆ ನಮ್ಮ ಕಾಲೇಜಿನ ನಾಟಕ ವಿಭಾಗಕ್ಕೆ ಒಂದು ತಂಡದವರು ನಟರನ್ನು ಆರಿಸಲು ಬಂದಿದ್ದರು. ಮಾತಿಲ್ಲದೆ ಒಬ್ಬ ಮುದುಕಿಯನ್ನು ಮಾಡಿ ತೋರಿಸಿ ಎಂದರು. ನಾನು ಬೆನ್ನು ಬಗ್ಗಿಸಿ, ಕೋಲೂರಿ, ಕೆಮ್ಮಿದೆ. ಆಮೇಲೆ ಮನಿಷಾ ಬಂದಳು. ದೀಪಾವಳಿಗೆ ನಮ್ಮ ಮನೆಯಲ್ಲಿ ಎರಡು ದಿನ ಇದ್ದಳಲ್ಲ, ಅವಳೇ. ಹಣೆಗೆ ಕೈ ಅಡ್ಡ ಹಿಡಿದು ಹೊತ್ತು ನೋಡಿದಳು. ಇಲ್ಲದ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಿದಳು. ಹೊತ್ತು ಮುಳುಗುವುದರೊಳಗೆ ಉಣ್ಣಬೇಕೆಂಬ ಅವಸರದಲ್ಲಿ ಎಡ ಮೊಣಕಾಲು ಒತ್ತಿಕೊಂಡು ಕುಳಿತಳು. ಅದು ನೀನೇ!

“ಈ ಮುದುಕಿ ಎಲ್ಲಿ ಸಿಕ್ಕಳವಾ ನಿನಗ?” ಎಂದು ಅವರು ಕೇಳಿದರು.

“ಖಾನಾಪುರದಾಗ್ರಿ, ಮೇಘಾನ ಮನ್ಯಾಗ,” ಎಂದು ನನ್ನ ಕಡೆ ಬೆರಳು ಮಾಡಿದಳು.

ಹದಿನೆಂಟು ವರ್ಷ ನಿನ್ನ ಪಕ್ಕದಲ್ಲೇ ಮಲಗಿದವಳು ನಾನು. ನೀನು ಕೋಲು ಹಿಡಿದವಳೇ ಅಲ್ಲ.

ನಾಟಕ ಕಲಿತರೆ ನೌಕರಿ ಸಿಗುತ್ತದೆಯೇ ಎಂದು ಅಪ್ಪ ಕೇಳುತ್ತಿದ್ದರಲ್ಲ, ಸಿಗುತ್ತದೆ ಎಂದು ಹೇಳು. ಮನಿಷಾಗೆ ಸಿಕ್ಕಿತು, ತಿಂಗಳ ಸಂಬಳದ್ದು. ಹೋದ ವಾರ ಬಂದಿದ್ದ ನನ್ನ ಜ್ವರ ಇಳಿದಿದೆ.

ಭಾನುವಾರ ಅವಳು ಕುಂದಾ ತಗೊಂಡು ನಿನ್ನ ಕಾಲಿಗೆ ಬೀಳಲು ಬರುತ್ತಾಳಂತೆ. ಊಟಕ್ಕೆ ಹಾಕು, ಬೇಡ ಅನ್ನುವುದಿಲ್ಲ. ಆದರೆ ಅವಳು ಹೋಗುವವರೆಗೂ ನೀನು ಕುಳಿತಲ್ಲಿಂದ ಏಳಬೇಡ.

ಮೇಘಾ
ಬೆಳಗಾವಿ