ಬೀಗಿತ್ತಿಯ ಗಣಿತ ಪರೀಕ್ಷೆ

ಕಿಬ್ಬನಹಳ್ಳಿ
ಮಾರ್ಚ್ ೧೯೮೬

ಅಕ್ಕರೆಯ ಬೀಗಿತ್ತಿ ಗಿರಿಜಾಂಬಿಕಾ ಅವರಿಗೆ, ಸರ್ವಮಂಗಳಳ ಶರಣು.

ನಿನ್ನೆ ನಿಮ್ಮ ಮಗ ಬಂದಿದ್ದರು. ಹೆಂಡತಿಯ ಎದುರು ಕೂತು ನಗುತ್ತಾ ಕಾಫಿ ಕುಡಿಯುತ್ತಿದ್ದವರು ಮಧ್ಯೆ ಒಂದು ಮಾತು ಹೇಳಿದರು ನೋಡಿ, ನನ್ನ ಕೈಲಿದ್ದ ಲೋಟ ಹಾಗೇ ನಿಂತಿತು. "ಅಮ್ಮ ಗಣಿತದ ಪೇಪರ್ ಬಿಟ್ಟುಬಿಡ್ತಾರಂತೆ. ಸೊಸೆಗೆ ಮಡಿಲು ತುಂಬೋ ದಿನ ಅತ್ತೆ ಪರೀಕ್ಷೆಗೆ ಹೋದ್ಲು ಅಂದ್ರೆ ಜನ ನಗ್ತಾರಂತೆ. ಅಕ್ಟೋಬರ್‌ನಲ್ಲಿ ಬರೆದರಾಯ್ತು ಅಂದ್ರು."

ನನ್ನ ಮಗಳು ಮುಕ್ತಾಂಬಳ ಮಡಿಲು ತುಂಬುವ ಶಾಸ್ತ್ರ, ನಿಮ್ಮ ಎಸ್ಸೆಸ್ಸೆಲ್ಸಿ ಗಣಿತ, ಎರಡೂ ಒಂದೇ ಸೋಮವಾರ ಬಂದು ಕೂತಿವೆ. ದಿನ ಇಟ್ಟ ಅಯ್ಯನವರಿಗೆ ಪರೀಕ್ಷೆಯ ವಿಷಯ ಗೊತ್ತಿಲ್ಲ, ಪರೀಕ್ಷೆ ಇಟ್ಟವರಿಗೆ ನಮ್ಮ ಹುಡುಗಿ ಬಸುರಿ ಎಂದು ಗೊತ್ತಿಲ್ಲ. ಅದಕ್ಕೆ ನೀವು ಯಾಕೆ ಪೆನ್ನು ಕೆಳಗಿಡಬೇಕು?

ಅಕ್ಟೋಬರ್ ಎನ್ನುತ್ತೀರಿ. ಆ ಹೊತ್ತಿಗೆ ತೊಟ್ಟಿಲಲ್ಲಿ ಮಗು ಇರುತ್ತದೆ. ಅದು ನಿಮ್ಮ ಬೆರಳು ಹಿಡಿದುಕೊಂಡರೆ ಬಿಡಿಸಿಕೊಂಡು ಯಾವ ಅಜ್ಜಿ ತಾನೆ ಪರೀಕ್ಷೆಗೆ ಹೋದಾಳು? ಆಮೇಲೆ ಮಗು ಅಂಬೆಗಾಲಿಡುತ್ತದೆ, ಆಮೇಲೆ ಇನ್ನೊಂದು ಮಗು. ಈ 'ಆಮೇಲೆ'ಗಳನ್ನು ನಾನು ಚೆನ್ನಾಗಿ ಬಲ್ಲೆ. ಪಿಯುಸಿ ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದವಳು ಮತ್ತೆ ಪುಸ್ತಕ ಹಿಡಿಯುವಾಗ ನನ್ನ ಮುಂದಲೆ ನರೆತಿತ್ತು.

ನಮ್ಮ ಮನೆಯಲ್ಲಿ ಕಾಲೇಜಿಗೆ ಒಬ್ಬೊಬ್ಬರೂ ಒಂದೊಂದು ದಾರಿಯಲ್ಲಿ ಹೋದವರೇ. ಮೈದುನ ಮರುಳಸಿದ್ದಯ್ಯ ಮೊದಲು ಮೇಷ್ಟ್ರ ಟ್ರೈನಿಂಗ್ ಮುಗಿಸಿ, ಹಗಲು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಸಂಜೆ ಕಾಲೇಜಿನಲ್ಲಿ ತಾನೇ ಬೆಂಚಿನ ಮೇಲೆ ಕೂತ. ಮುಕ್ತಳದು ನೇರ ರಸ್ತೆ. ಬೆಳಗ್ಗೆ ತಿಪಟೂರಿನ ಬಸ್ಸು ಹತ್ತಿದರೆ ಸಂಜೆ ಇಳಿದಳು, ಬಿಎಸ್ಸಿ ಆಯಿತು. ನನ್ನ ಕಾಲೇಜು ಮಾತ್ರ ಸೈಕಲ್ ಮೇಲೆ ಬರುತ್ತಿತ್ತು. ಅಂಚೆಯ ಮಾರಯ್ಯ ಪಾಠಗಳ ಕಟ್ಟು ಹಿಡಿದು ಬಾಗಿಲಲ್ಲಿ ನಿಂತು, "ಅಮ್ಮೋ, ನಿಮ್ ಕಾಲೇಜು ಬಂತು, ಈಸ್ಕಳಿ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಅದನ್ನು ತೆಗೆದುಕೊಂಡು ನಾನು ಏಣಿ ಹತ್ತಿ ಅಟ್ಟಕ್ಕೆ ಹೋಗುತ್ತಿದ್ದೆ. ಕೊಬ್ಬರಿಯಾಗಲೆಂದು ವರ್ಷವಿಡೀ ಅಲ್ಲಿ ಮಲಗಿದ ಕಾಯಿಗಳ ನಡುವೆ ಒಂದು ಚಾಪೆಯಷ್ಟು ಜಾಗ. ಕವಿತೆಯನ್ನು ಗಟ್ಟಿಯಾಗಿ ಓದಿಕೊಂಡರೂ ಕೇಳಿ ನಗುವವರಿಲ್ಲ. ಒಂದು ಸಾಲು ಅರ್ಥವಾದರೆ ಪಕ್ಕದ ಕಾಯಿಯನ್ನೆತ್ತಿ ಕಿವಿಯ ಹತ್ತಿರ ಕುಲುಕಿ, ಒಳಗೆ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟಿದೆಯೇ ಎಂದು ನೋಡಿ, ಮತ್ತೆ ಓದಿಗೆ ಕೂರುವುದು. ಅಷ್ಟು ಸುಖವಾದ ತರಗತಿ ಇನ್ನೆಲ್ಲಿದ್ದೀತು?

ನೀವು ಮುಕ್ತಳನ್ನು ನೋಡಲು ಬಂದ ದಿನ ನೆನಪಿದೆಯಲ್ಲ? ಅಂದು ನನ್ನ ಎಂ.ಎ. ಕೊನೆಯ ಪತ್ರಿಕೆ, ತುಮಕೂರಿನಲ್ಲಿ. ಬಿಟ್ಟುಬಿಡುತ್ತೇನೆ ಎಂದು ನಾನೂ ಹೇಳಿದ್ದೆ, ಈಗ ನೀವು ಹೇಳಿದ ಹಾಗೇ. ನಮ್ಮತ್ತೆ ಗುರುಸಿದ್ದಮ್ಮ ಮಾತ್ರ, "ಹುಡುಗೀನ ತಾನೆ ಅವರು ನೋಡಾದು? ನಿನ್ನನ್ನಲ್ಲ ಕಣೇ, ಹೋಗು" ಎಂದು ಬುತ್ತಿ ಕಟ್ಟಿಕೊಟ್ಟರು. ಬಂದವರಿಗೆ ಏನು ಹೇಳಬೇಕೆಂದು ನಮ್ಮವರು ಅತ್ತೆಗೆ ಪಾಠ ಮಾಡಿದ್ದರು: ಸೊಸೆಯ ತವರಲ್ಲಿ ಯಾರಿಗೋ ಜ್ವರ.

ಮುಂದಿನದನ್ನು ನಾನು ಕಂಡಿಲ್ಲ, ಅತ್ತೆಯ ಬಾಯಲ್ಲಿ ಎಷ್ಟು ಸಲ ಕೇಳಿದರೂ ಬೇಸರವಾಗಿಲ್ಲ. ನೀವು "ಹುಡುಗಿ ತಾಯಿ ಕಾಣಲಿಲ್ವಲ್ಲ?" ಎಂದಿರಂತೆ. ಅತ್ತೆ ಜ್ವರವನ್ನು ಮರೆತೇಬಿಟ್ಟರು. "ಪರೀಕ್ಷೆ ಬರಿಯಾಕೆ ಹೋಗವ್ಳೆ ಕಣ್ರೀ, ಬತ್ತಾಳೆ." ನಿಮ್ಮವರು ಶಂಭುಲಿಂಗಯ್ಯನವರು ವೀಳ್ಯ ಮಡಿಸುತ್ತಾ, "ಮಗಳು ಓದಿದ್ದು ಸಾಲದು ಅಂತ ಅಮ್ಮನೂ ಓದ್ತಾವ್ರಾ?" ಎಂದರಂತೆ. ಅದಕ್ಕೆ ನಮ್ಮತ್ತೆ, "ಓದು ಏನು ಅನ್ನ ಸಾರೇ ಯಜಮಾನ್ರೇ, ಮಗಳಿಗೆ ಬಡಿಸಿದ್ರೆ ಅಮ್ಮಂಗೆ ಸಾಲದೆ ಹೋಗಾಕೆ?" ಅಂದರಂತೆ. ನಮ್ಮವರು ತಲೆ ತಗ್ಗಿಸಿಕೊಂಡು ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ನಾನು ಬಸ್ಸಿಳಿದಾಗ ಬಿಸಿಲು ಬಾಗಿತ್ತು. ಎಲ್ಲ ಮುಗಿದಿರುತ್ತದೆ, ಬಂದವರು ಮುಖ ತಿರುಗಿಸಿಕೊಂಡು ಹೋಗಿರುತ್ತಾರೆ ಎಂದುಕೊಂಡೇ ಬಂದೆ. ಜಗುಲಿಯ ಕೆಳಗೆ ಇನ್ನೂ ಚಪ್ಪಲಿಗಳಿದ್ದವು. ನೀವು ಎದ್ದು ಬಂದು ನನ್ನ ಮುಖ ನೋಡಿ ಕೇಳಿದ ಮೊದಲ ಮಾತು: "ಎಲ್ಲಾ ಪ್ರಶ್ನೆನೂ ಬರೆದ್ರಾ?"

ನನ್ನ ಮಗಳು ಎಂಥ ಮನೆಗೆ ಹೋಗುತ್ತಾಳೋ ಎಂಬ ಚಿಂತೆ ಆ ಕ್ಷಣಕ್ಕೆ ಹೋಯಿತು, ಗಿರಿಜಾಂಬಿಕಾ.

ಆಮೇಲೆ ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ನೀವು ಮೆಲ್ಲಗೆ ಕೇಳಿದಿರಿ: "ಎಂಟನೇ ಕ್ಲಾಸಿಗೇ ಬಿಟ್ಟೋರು ಎಲ್ಲಿಂದ ಶುರು ಮಾಡ್ಬೇಕು?" ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿ, ಅಲ್ಲಿಂದ ಮುಂದಕ್ಕೆ ದಾರಿಗಳು ತುಂಬಾ ಇವೆ ಎಂದೆ. ಆಗ ನಿಮ್ಮ ಮುಖದಲ್ಲಿ ಮೂಡಿದ್ದು ಸಂಕೋಚವೋ ಆಸೆಯೋ ನನಗೆ ಇವತ್ತಿಗೂ ಬಿಡಿಸಲಾಗಿಲ್ಲ. ಈ ವರ್ಷವೆಲ್ಲ ಚಿಕ್ಕನಾಯಕನಹಳ್ಳಿಯ ನಿಮ್ಮ ಮನೆಯಲ್ಲಿ ಸೊಸೆ ಲೆಕ್ಕ ಹೇಳಿಕೊಡುವುದು, ಅತ್ತೆ ಸ್ಲೇಟು ಹಿಡಿದು ಕೂರುವುದು! ಮೊನ್ನೆ ತವರಿಗೆ ಬಂದಿಳಿದಾಗ ಮುಕ್ತ ಹೇಳುತ್ತಿದ್ದಳು: "ಅತ್ತೆ ಬೀಜಗಣಿತ ಪಟಪಟ ಮಾಡ್ತಾರಮ್ಮ. ರೇಖಾಗಣಿತ ಬಂದ್ರೆ ಮಾತ್ರ ಒಲೆ ಮೇಲೆ ಹಾಲಿಟ್ಟಿದೀನಿ ಅಂತ ಎದ್ದುಬಿಡ್ತಾರೆ."

ನಿನ್ನೆ ನಿಮ್ಮ ಮಗನ ಮಾತಿಗೆ ಉತ್ತರ ಕೊಟ್ಟದ್ದು ನಾನಲ್ಲ. ನಿಮ್ಮ ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎದ್ದು ನಿಂತಳು. "ಅತ್ತೆಗೆ ಹೋಗಿ ಹೇಳಿ. ಅವರು ಬರದೇ ಇದ್ರೆ ನಾನು ಹಸೆ ಮೇಲೆ ಕೂರಲ್ಲ. ಪರೀಕ್ಷೆ ಬಿಟ್ಟು ಬಂದ್ರೂ ಕೂರಲ್ಲ."

ಅಳಿಯಂದಿರು ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಗುರುಸಿದ್ದಮ್ಮನವರು ಅಡಿಕೆಲೆ ಚೀಲ ಬಿಚ್ಚುತ್ತಾ, "ಹೊಟ್ಟೇಲಿರೋದಕ್ಕೂ ಇದೇ ಹಟ ಬಂದ್ರೆ ಬೀಗ್ರ ಮನೆ ಗತಿ ಏನಪ್ಪಾ!" ಎಂದು ನಕ್ಕರು. ನಕ್ಕು ಮುಗಿಸಿ ಅಯ್ಯನವರಿಗೆ ಆಳು ಕಳಿಸಿದರು. ಅದೇ ಸೋಮವಾರ ಗೋಧೂಳಿಯೂ ಚೆನ್ನಾಗಿದೆಯಂತೆ; ಪರೀಕ್ಷೆ ಬರೆದು ಮುಗಿಸಿ ಸಂಜೆ ಮಡಿಲು ತುಂಬಲು ಬನ್ನಿ.

ಹಾಗಾಗಿ ನೆಪ ಯಾವುದೂ ಉಳಿದಿಲ್ಲ. ರೇಖಾಗಣಿತ ಬಂದಾಗ ಹಾಲಿನ ನೆನಪು ಬಾರದಿರಲಿ. ನಿಮ್ಮ ಪೆನ್ನು ಎಲ್ಲೂ ನಿಲ್ಲದೆ ಓಡಲಿ, ಮುಂದೆ ಹುಟ್ಟುವ ಕೂಸಿಗೆ ಓದುವ ಅಜ್ಜಿಯರು ಇಬ್ಬರಿರಲಿ. ಶಿವನು ನಿಮ್ಮ ಜೊತೆಗಿರಲಿ.

ನಿಮ್ಮ ಸಹಪಾಠಿ,
ಸರ್ವಮಂಗಳ