ಬುದ್ಧಿ ಗುಳಿಗೆ

ಬಂಗೂರನಗರ, ದಾಂಡೇಲಿ
೧೬ ಏಪ್ರಿಲ್ ೨೦೨೫

ಪ್ರೀತಿಯ ಅವ್ವನಿಗೆ ಪೂರ್ಣಿಮಾಳ ಶರಣು.

ನಿನ್ನ ಮೊಣಕಾಲಿನ ಬಾವು ಇಳಿಯಿತೇ? ಅತ್ತಿವೇರಿಯಲ್ಲಿ ಬಿಸಿಲು ಹೇಗಿದೆ? ಮುಂಡಗೋಡದ ಬಸ್ಸಿನಲ್ಲಿ ಕಳುಹಿಸಿದ ರೊಟ್ಟಿ, ಶೇಂಗಾ ಚಟ್ನಿ, ಗುಳಿಗೆಯ ಬಾಟಲಿ ತಲುಪಿದವು. ಮುಂದಿನದನ್ನು ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಚ್ಚಿ ಮಾತಾಡುವವಳು, ಪಕ್ಕದಲ್ಲಿ ಗಿರಿಜಾಬಾಯಿ ಅತ್ತೆ ಇದ್ದೇ ಇರುತ್ತಾರೆ.

ಈ ಸಲವೂ ತರಗತಿಗೆ ನಾನೇ ಮೊದಲು. ಆ ಕಾರಣಕ್ಕೇ ಕಾಲೇಜಿನ ಅನ್ನಪೂರ್ಣಾ ಮೇಡಂ ತಮ್ಮ ಸಂಶೋಧನೆಗೆ ನನ್ನನ್ನು ಸೇರಿಸಿಕೊಂಡರು. ತೋಳಿಗೆ ಅಂಟಿಸುವ ಒಂದು ತೆಳು ಪಟ್ಟಿ ಅದು. ಮೂರ್ಛೆರೋಗದ ಔಷಧಿ ಮೈಯಲ್ಲಿ ಎಷ್ಟಿದೆಯೆಂಬುದನ್ನು ರಕ್ತ ತೆಗೆಯದೆ ಬೆವರಿನಿಂದಲೇ ಅಳೆಯುತ್ತದೆ. ರೋಗಿಗಳೊಡನೆ ಹೋಲಿಸಲು, ಆ ಔಷಧಿಯನ್ನು ಎಂದೂ ಮುಟ್ಟದ ಒಬ್ಬರು ಬೇಕಿತ್ತು. ನಾನು ಹೆಮ್ಮೆಯಿಂದ ತೋಳು ಚಾಚಿದೆ. ಬೆವರಿಳಿದಂತೆ, ಸೊನ್ನೆಯಲ್ಲಿ ನಿಲ್ಲಬೇಕಾದ ಗೆರೆ ಮೇಲೇರಿತು. ಪಟ್ಟಿ ಕೆಟ್ಟಿದೆಯೆಂದು ಸಹಪಾಠಿ ಶಿವಯೋಗಿಯೊಡನೆ ವಾದಿಸಿದೆ. "ಹೊಸಾದ ಹಚ್ಚೂಣು ತಗೋ. ಫಸ್ಟ್ ರ‍್ಯಾಂಕಿನ ಬೆವರಂದ್ರ ಗೆರಿನೂ ಮ್ಯಾಲಕ್ಕ ಹೋಗತೈತಿ" ಎಂದು ನಕ್ಕ. ಹೊಸದೂ ಅದನ್ನೇ ತೋರಿಸಿತು. ಮೇಡಂ ನಗಲಿಲ್ಲ. ನಾನು ದಿನಾಲೂ ಏನು ನುಂಗುತ್ತೇನೆಂದು ಮೆಲ್ಲನೆ ಕೇಳಿದರು.

ಏನೆಂದು ಹೇಳಲಿ, ಅವ್ವಾ? ಎರಡನೆಯ ಇಯತ್ತೆಯಿಂದ ನೀನು ಹೇಳಿದ್ದು ಒಂದೇ: "ಇದು ಬುದ್ಧಿ ಗುಳಿಗಿ. ಯಾರ ಮುಂದೂ ಅನಬ್ಯಾಡ, ಮಂದಿ ಕಣ್ಣು ಬಿದ್ದು ನೆದರ ಆಗತೈತಿ." ರಸಾಯನಶಾಸ್ತ್ರದಲ್ಲಿ ನೂರಕ್ಕೆ ನೂರು ಪಡೆದವಳು ತಾನು ನುಂಗುವುದರ ಹೆಸರನ್ನೇ ಕೇಳಲಿಲ್ಲ, ನನ್ನ ಅಂಕಗಳೆಲ್ಲ ಅದರ ಕೃಪೆಯೆಂದೇ ನಂಬಿದ್ದೆ. ಊರಿನ ಜಲಾಶಯದ ದಂಡೆಗೆ ಒಬ್ಬಳನ್ನೇ ಬಿಡದಿದ್ದುದು, ಬಚ್ಚಲಿನ ಅಗಳಿ ಹಾಕಗೊಡದೆ ನೀನು ಹೊರಗೆ ಕುಳಿತು ವಚನ ಹೇಳುತ್ತಿದ್ದುದು, ಈಗ ಒಂದೊಂದಾಗಿ ಅರ್ಥವಾಗುತ್ತಿವೆ. ನಾಳೆ ಬರುವ ಸಂಬಂಧಗಳು ತಪ್ಪಬಾರದೆಂದು ಮುಚ್ಚಿಟ್ಟೆ, ಬಲ್ಲೆ. ಕೋಪವಿಲ್ಲವೆಂದು ಬರೆದರೆ ಸುಳ್ಳಾದೀತು. ಆದರೆ ಕೋಪಕ್ಕಿಂತ ಒಂಟಿತನವೇ ಹೆಚ್ಚು. ಸಂಜೆ ಕೋಣೆಗೆ ಬಂದು, ನನ್ನದೇ ತೋಳನ್ನು ಪರರದೆಂಬಂತೆ ನೋಡುತ್ತ ಕೂರುತ್ತೇನೆ. ಮೇಡಂಗೆ ಇನ್ನೂ ಉತ್ತರಿಸಿಲ್ಲ. ಪಟ್ಟಿ ಹೇಳಿದ್ದನ್ನು ಮೊದಲು ನಿನ್ನ ಬಾಯಿಂದ ಕೇಳಬೇಕು.

ಅಪ್ಪನಿಗೂ ಅತ್ತೆಗೂ ನನ್ನ ಶರಣು ತಿಳಿಸು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ನಿನ್ನ ಮಗಳು,
ಪೂರ್ಣಿಮಾ

ತಾ.ಕ.: ಗುಳಿಗೆ ಬಿಟ್ಟಿಲ್ಲ, ಹೆದರಬೇಡ. ಇನ್ನು ಮೇಲೆ ಬಾಟಲಿಗೆ ಸುರಿಯಬೇಡ. ಹೆಸರು ಅಚ್ಚಾದ ಸ್ಟ್ರಿಪ್ಪಿನಲ್ಲೇ ಇರಲಿ. ಬಸ್ಸಿನವನ ಕೈಗೆ ಕೊಡದೆ ನೀನೇ ತೆಗೆದುಕೊಂಡು ಬಾ. ಬಚ್ಚಲಿನ ಅಗಳಿ ಹಾಕುವುದನ್ನು ಬಿಟ್ಟಿದ್ದೇನೆ. ಹೊರಗೆ ಮಾತ್ರ ಯಾರೂ ಕೂತಿರುವುದಿಲ್ಲ.