ಮೂಡುಬಿದಿರೆಯ ಮೇಜರ್

ಮಡಂತ್ಯಾರು
ಅಕ್ಟೋಬರ್ 9, ಗುರುವಾರ

ಸಾತ್ವಿಕಾಳ ಅಪ್ಪನಿಗೆ,

ನೀವು ಕ್ಷೇಮವಾಗಿದ್ದೀರಿ ಎಂದು ಕೇಳದೆಯೇ ಗೊತ್ತಾಗಿದೆ. ಮೊನ್ನೆಯ ವಾಯ್ಸ್ ಮೆಸೇಜಿನಲ್ಲಿ ನಡುವೆ ಒಮ್ಮೆಯೂ ಉಸಿರು ಎಳೆದುಕೊಳ್ಳದೆ ಬೈದಿದ್ದೀರಿ, ಎದೆಗೇನೂ ತೊಂದರೆಯಿಲ್ಲ. ಮಂಡಿನೋವು ಹೇಗಿದೆ? ತಿಕ್ಕುವ ಎಣ್ಣೆಯನ್ನು, ರಜೆ ಮುಗಿಸಿ ವಿಮಾನದಲ್ಲಿ ನಿಮ್ಮಲ್ಲಿಗೆ ಮರಳುವ ಶಾಫಿಯ ಕೈಯಲ್ಲಿ ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ, ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲೇ ಇದೆ, ಅದಲುಬದಲು ಮಾಡಿಕೊಳ್ಳಬೇಡಿ. ಅತ್ತೆ ಚೆನ್ನಾಗಿದ್ದಾರೆ. ಸಾತ್ವಿಕಾ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ. ಅದನ್ನು ನೀವು ಕೇಳಲಿಲ್ಲ, ಆದರೂ ಬರೆದಿದ್ದೇನೆ.

ಫೋನ್ ಇರುವಾಗ ಕಾಗದ ಏಕೆ ಎಂದು ಹುಬ್ಬು ಗಂಟಿಕ್ಕಿಕೊಳ್ಳುತ್ತೀರಿ. ಫೋನಿನಲ್ಲಿ ನಾನು ಒಂದು ಮಾತನ್ನು ಪೂರ್ತಿ ಮುಗಿಸಿದ್ದು ನಿಮಗೆ ನೆನಪಿದೆಯೇ? ಕಾಗದದ ನಡುವೆ ಬಾಯಿ ಹಾಕಲಿಕ್ಕೆ ಆಗುವುದಿಲ್ಲ. ಹರಿದು ಬಿಸಾಡಬಹುದು, ಆದರೆ ನಿಮ್ಮ ಬಗ್ಗೆ ಏನು ಬರೆದಿದ್ದಾಳೆ ಎಂದು ನೋಡದೆ ಹರಿಯುವ ಮನುಷ್ಯ ನೀವಲ್ಲ. ನಮ್ಮ ಜಗಳಗಳೆಲ್ಲ ತುಳುವಿನಲ್ಲೇ ಆದದ್ದು, ಅದರಲ್ಲಿ ಗೆದ್ದವರು ಯಾವಾಗಲೂ ನೀವೇ. ಕನ್ನಡದಲ್ಲಿ ಬರೆಯಲು ಕೂತರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ. ಶಾಲೆಯಲ್ಲಿ ಪ್ರಬಂಧಕ್ಕೆ ನನ್ನನ್ನು ಮೀರಿಸುವವರು ಇರಲಿಲ್ಲ.

ನಿಮಗೆ ಸಿಕ್ಕಿದ್ದು ಅರ್ಧ ಸುದ್ದಿ. ಪೂರ್ತಿ ಕೇಳಿ. ನನ್ನ ಅಕ್ಕನ ಮಗ ಶ್ರವಣ್ ಮತ್ತು ಅವನ ಗೆಳೆಯ ಇಹ್ಸಾನ್ ಸೇರಿ ಮೊಬೈಲಿನಲ್ಲಿ ಆಡುವ ಒಂದು ಯುದ್ಧದ ಆಟ ತಯಾರಿಸುತ್ತಿದ್ದಾರೆ. ಗುಡ್ಡದ ಮೇಲೊಂದು ಸೈನಿಕರ ಠಾಣೆ, ಮಾತೆಲ್ಲ ಕನ್ನಡದಲ್ಲಿ. ಸೈನಿಕರಿಗೆ ದನಿ ಕೊಡುವವರು ಬೇಕು, ಅನುಭವ ಬೇಡ, ಗಂಟಲು ಇದ್ದರೆ ಸಾಕು ಎಂದು ಕಾಲೇಜಿನ ಗ್ರೂಪುಗಳಿಗೆಲ್ಲ ಹಾಕಿದ್ದರು. ಸಾತ್ವಿಕಾಳಿಗೆ ವೈರ್‌ಲೆಸ್ಸಿನಲ್ಲಿ ಮಾತಾಡುವ ಹುಡುಗಿಯ ಪಾತ್ರ ಬೇಕಿತ್ತು. ಒಬ್ಬಳನ್ನೇ ಕಳಿಸಿದರೆ ನಿಮ್ಮ ಕೈಯಲ್ಲಿ ನಾನೇ ಬೈಸಿಕೊಳ್ಳಬೇಕು, ಜೊತೆಯಲ್ಲಿ ಹೋದೆ. ಈಗ ನೋಡಿದರೆ ಹೋದದ್ದಕ್ಕೂ ಬೈಗುಳವೇ.

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ, ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ. ಹೊರಗಿನ ಬಸ್ಸಿನ ಹಾರ್ನ್ ಒಳಗೆ ಬರಬಾರದೆಂದು ಗೋಡೆಗೆಲ್ಲ ಹಳೆಯ ಹಾಸಿಗೆ ಒರಗಿಸಿದ್ದಾರೆ. ಫ್ಯಾನಿನ ಸದ್ದು ಮೈಕಿಗೆ ಹೋಗುತ್ತದೆಂದು ಅದೂ ಬಂದ್. ಬೆವರಿನಲ್ಲಿ ತೊಯ್ದ ಹುಡುಗರು ಒಬ್ಬೊಬ್ಬರೇ ಹೋಗಿ ಗುಂಡು ತಗಲಿ ಸತ್ತು ಬರುತ್ತಿದ್ದರು. ವಿಟ್ಲದ ಒಬ್ಬ ನರಳಿದ್ದೇ ನರಳಿದ್ದು, ಸಾಯುವ ಅಂದಾಜೇ ಇಲ್ಲ. ಇಹ್ಸಾನ್ ತಡೆಯಲಾರದೆ, “ಮಾರಾಯಾ, ನೀನು ಸಾಯುವಷ್ಟರಲ್ಲಿ ಉಳಿದವರಿಗೆ ಪೆನ್ಶನ್ ಬರ್ತದೆ, ಬೇಗ ಹೋಗು” ಎಂದ. ನಾನು ಬಾಯಿಗೆ ಸೆರಗು ಒತ್ತಿ ನಕ್ಕೆ. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ ಗೊತ್ತಿಲ್ಲ.

ಸಾತ್ವಿಕಾಳ ಸರದಿ ಬಂದಾಗ ಎದುರು ಮಾತಿಗೆ ಜನ ಇರಲಿಲ್ಲ. ಮೇಜರ್ ಆಜ್ಞೆ ಕೊಡಬೇಕು, ಇವಳು ಉತ್ತರಿಸಬೇಕು. “ಆಂಟಿ, ನೀವು ಸುಮ್ಮನೆ ಓದಿಕೊಡಿ, ಸಾಕು” ಎಂದು ಇಹ್ಸಾನ್ ಹಾಳೆ ಕೊಟ್ಟ. ಮೇಜರ್ ಹೇಗೆ ಮಾತಾಡುತ್ತಾನೆಂದು ನನಗೇನು ಗೊತ್ತು? ನನಗೆ ಗೊತ್ತಿದ್ದ ಆಜ್ಞೆ ನಿಮ್ಮದೊಂದೇ. ಪಂಪು ಬಂದ್ ಮಾಡಿದೆಯಾ, ರಬ್ಬರ್ ಶೀಟು ಒಳಗೆ ತಂದೆಯಾ, ಅವಳು ಯಾರ ಬೈಕಿನಲ್ಲಿ ಬಂದದ್ದು ಎಂದು ದಿನಾ ಬೆಳಿಗ್ಗೆ ಅಡಿಗೆಮನೆಯಲ್ಲಿ ಫೋನಿನಿಂದ ಕೇಳುವ ದನಿ. ಹಾಳೆಯಲ್ಲಿದ್ದದ್ದನ್ನು ಬಿಟ್ಟೆ. “ಕಾರಣ ಕೇಳಲಿಲ್ಲ ನಾನು. ಆಯ್ತಾ ಅಂತ ಕೇಳಿದೆ” ಎಂದೆ. ಬೊಬ್ಬೆ ಹೊಡೆಯಲಿಲ್ಲ; ನೀವು ಶುರುವಿಗೆ ಹೊಡೆಯುವುದಿಲ್ಲವಲ್ಲ, ತಣ್ಣಗೆ ಹಲ್ಲು ಕಚ್ಚಿಕೊಂಡೇ ಹೇಳುವುದು. ಮೈಕಿನ ಎದುರು ಸ್ಟೂಲಿನಲ್ಲಿ ಕೂತಿದ್ದ ನಮ್ಮ ಮಗಳು ಎದ್ದು ನಿಂತಿದ್ದಳು.

ಪಾತ್ರಕ್ಕಾಗಿ ಎದ್ದದ್ದಲ್ಲ. ಮನೆಯಲ್ಲಿ ನಿಮ್ಮ ಮೆಸೇಜು ಶುರುವಾದಾಗ ತಟ್ಟೆ ಬಿಟ್ಟು ಏಳುತ್ತಾಳಲ್ಲ, ಹಾಗೆ ಎದ್ದದ್ದು. ಎದ್ದ ಮೇಲೆ ಅವಳಿಗೇ ನಾಚಿಕೆಯಾಗಿ ಹಾಳೆ ಬಿದ್ದಿತೆಂದು ಹುಡುಕಿದ ಹಾಗೆ ಮಾಡಿದಳು. ಹುಡುಗರು ಚಪ್ಪಾಳೆ ತಟ್ಟಿದರು. ಮೇಜರ್ ಗಂಡಸೇ ಆಗಬೇಕೆಂದೇನಿಲ್ಲ, ಇವರೇ ಮೇಜರ್ ಎಂದು ಇಹ್ಸಾನ್ ಅಲ್ಲೇ ತೀರ್ಮಾನಿಸಿದ. ನಾನು ಖುಷಿಪಟ್ಟೆ, ಸುಳ್ಳು ಹೇಳುವುದಿಲ್ಲ. ಆದರೆ ವೇಣೂರು ದಾಟುವಾಗ ಬಸ್ಸಿನಲ್ಲಿ ಮಗಳ ಮುಖ ನೋಡಿ ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹೆತ್ತ ಮಗಳು ತನ್ನ ಅಪ್ಪನ ದನಿಗೆ ಸಿಪಾಯಿಯ ಹಾಗೆ ನಿಲ್ಲುತ್ತಾಳೆ, ಅದನ್ನು ನಾನು ಇಷ್ಟು ವರ್ಷ ಮರ್ಯಾದೆ ಎಂದುಕೊಂಡಿದ್ದೆ.

ಶ್ರವಣ್ ಸಂತೋಷದಲ್ಲಿ ಆ ತುಣುಕನ್ನು ಎರಡೂ ಕಡೆಯವರಿರುವ ಕುಟುಂಬದ ಗ್ರೂಪಿಗೆ ಹಾಕಿದ. ಅದು ಅವನ ತಪ್ಪೇ ಇರಬಹುದು. ಆದರೆ ಅದರಲ್ಲಿ ನಿಮ್ಮ ಹೆಸರಿಲ್ಲ, ಊರಿಲ್ಲ, ಗಂಟಲು ಕೂಡ ಹೆಂಗಸಿನದು. “ಸುಧಾಕರಣ್ಣ ರಜೆಯಲ್ಲಿ ಬಂದಿದ್ದಾರಾ?” ಎಂದು ಕೇಳಿದವರು ನಿಮ್ಮ ಸ್ವಂತ ತಂಗಿ ಕಾಂತಿ. ಅದಕ್ಕೆ ನಕ್ಕವರೆಲ್ಲ ನಿಮ್ಮ ಕಡೆಯವರೇ. ನೀವು ಗ್ರೂಪು ಬಿಟ್ಟು ಹೋದಿರಿ. ಆಮೇಲೆ ನನಗೆ ಬಂತು ಆ ಮೆಸೇಜು. ನಾನು ನಿಮ್ಮ ಮಾನ ಕಳೆದೆನಂತೆ. ಆ ದನಿಯನ್ನು ಅಳಿಸಿಹಾಕಿಸಬೇಕಂತೆ, ಸಾತ್ವಿಕಾಳದ್ದನ್ನೂ. ಇನ್ನೊಮ್ಮೆ ಮೂಡುಬಿದಿರೆಯ ಬಸ್ಸು ಹತ್ತಿದರೆ ನಾವಿಬ್ಬರೂ ಮನೆಗೆ ಬರುವುದು ಬೇಡವಂತೆ. ನಿಮ್ಮನ್ನು ಅಣಕಿಸುವುದಿದ್ದರೆ ನಾನು ಮೂಡುಬಿದಿರೆಗೆ ಏಕೆ ಹೋಗಬೇಕಿತ್ತು? ನಿಮ್ಮ ದನಿ ಊರಿಗೆಲ್ಲ ಬಾಯಿಪಾಠವಾಗಿದ್ದರೆ ಆ ಪಾಠ ಹೇಳಿಕೊಟ್ಟವರು ನೀವೇ.

ನನ್ನ ಫೋನು ತೆಗೆದಿಟ್ಟುಕೊಳ್ಳಲು ಅತ್ತೆಗೆ ಹೇಳಿದ್ದಿರಿ. ತೆಗೆದುಕೊಂಡರು. ಮಾರನೆಯ ದಿನ ಬೆಳಿಗ್ಗೆ ನಿಮ್ಮ ಮೆಸೇಜು ಒಂದರ ಮೇಲೊಂದು ಬರತೊಡಗಿದಾಗ ತಂದು ನನ್ನ ಮಡಿಲಿಗೆ ಹಾಕಿ, “ನೀನೇ ಇಟ್ಟುಕೊ, ಇವನ ಬೊಬ್ಬೆ ಕೇಳ್ಲಿಕ್ಕೆ ನನಗೆ ಆಗುವುದಿಲ್ಲ” ಎಂದರು. ಮನೆಗೆ ಬರಬೇಡಿ ಎಂದಿದ್ದೀರಲ್ಲ, ಅದಕ್ಕೂ ಅವರು ಒಂದು ಮಾತು ಹೇಳಿದ್ದಾರೆ, ಇದ್ದ ಹಾಗೇ ಬರೆಯುತ್ತೇನೆ: “ಬರುವುದು ಬೇಡ ಹೇಳ್ಲಿಕ್ಕೆ ಮನೆ ಅವನದ್ದಾ? ನನ್ನ ಹೆಸರಲ್ಲಿ ಉಂಟು.” ಹೇಳಿ ಅಕ್ಕಿ ತೊಳೆಯಲು ಹೋದರು. ನನ್ನ ಪರ ನಿಂತರೆಂದು ತಿಳಿಯಬೇಡಿ, ಸಾಂಬಾರಿಗೆ ಉಪ್ಪು ಹೆಚ್ಚಾಯಿತೆಂದು ಆ ದಿನವೂ ನನ್ನನ್ನು ಬೈದಿದ್ದಾರೆ.

ಇಷ್ಟೇ ಸುದ್ದಿ. ಅತ್ತೆ ಆಶೀರ್ವಾದ ಕಳಿಸಿದ್ದಾರೆ, ಸಾತ್ವಿಕಾ ನಮಸ್ಕಾರ ಹೇಳಿದ್ದಾಳೆ, ಕೂತುಕೊಂಡೇ ಹೇಳಿದಳು. ನನ್ನ ನಮಸ್ಕಾರವನ್ನು ಕಾಗದದ ಪದ್ಧತಿಯೆಂದು ಇಟ್ಟುಕೊಳ್ಳಿ. ಎಣ್ಣೆ ಬಿಸಿ ಮಾಡಿಯೇ ತಿಕ್ಕಬೇಕು.

ಇಂತಿ,
ಶಶಿಪ್ರಭಾ

ಶಾಫಿ ಗೇಟಿನ ಹತ್ತಿರ ಬಂದಾಯಿತು, ಇದನ್ನು ನಿಂತೇ ಬರೆಯುತ್ತಿದ್ದೇನೆ. ರೆಕಾರ್ಡಿಂಗ್ ಇರುವುದು ಈ ಭಾನುವಾರ ಅಲ್ಲ, ಅದರ ಆಚಿನದ್ದು. ನಾವಿಬ್ಬರೂ ಹೋಗುತ್ತೇವೆ. ನನಗೆ ಒಂದೇ ಒಂದು ಸಾಲು ಕೂಡಿಬರುತ್ತಿಲ್ಲ. ಗಾಯಗೊಂಡವನನ್ನು ಬಿಟ್ಟು ನಡೆಯಿರಿ ಎಂದು ಮೇಜರ್ ಆಜ್ಞೆ ಮಾಡುತ್ತಾಳೆ, ಸೈನಿಕರು ಅವನ ಸುತ್ತ ಕೂತುಬಿಡುತ್ತಾರೆ, ಒಬ್ಬನೂ ಏಳುವುದಿಲ್ಲ. ಆಗ ಅವಳು ಅದೇ ಆಜ್ಞೆಯನ್ನು ಮತ್ತೊಮ್ಮೆ ಹೇಳಬೇಕು. ವೀಡಿಯೋ ಕಾಲಿನಲ್ಲಿ ಎಷ್ಟು ಸಲ ಹೇಳಿ ತೋರಿಸಿದರೂ ಇಹ್ಸಾನ್ ತಲೆ ಅಲ್ಲಾಡಿಸುತ್ತಾನೆ: “ಇಲ್ಲ ಆಂಟಿ, ಅವರು ಏಳ್ತಾರೆ ಅಂತ ನಿಮಗೆ ಇನ್ನೂ ಧೈರ್ಯ ಉಂಟು.” ಹೇಗೆ ಹೇಳಲಿ? ನಿಮ್ಮ ಎಲ್ಲ ದನಿಯೂ ನನಗೆ ಗೊತ್ತು, ಆಜ್ಞೆ ನಡೆಯದಾಗಿನ ದನಿಯೊಂದು ಗೊತ್ತಿಲ್ಲ. ನೀವು ಹೇಳಿ ನಾನು ಮಾಡದೆ ಇದ್ದದ್ದೇ ಇಲ್ಲವಲ್ಲ. ಆದ್ದರಿಂದ ಇದನ್ನು ಓದಿದ ಕೂಡಲೇ ಒಂದು ವಾಯ್ಸ್ ಮೆಸೇಜು ಕಳಿಸಿ. ಹೋಗಬೇಡ ಎಂದೇ ಹೇಳಿ, ಏನೂ ತಡೆಹಿಡಿಯಬೇಡಿ. ಬಸ್ಸು ಹತ್ತಿ ಕೂತು ಕೇಳಿಕೊಳ್ಳುತ್ತೇನೆ.